ಬೆಂಟೋನಿಯಾದ ಬ್ಲೂ ಫ್ರಂಟ್ ಕೆಫೆ

ಅಮೆರಿಕದ ಮಿಸಿಸಿಪಿ ರಾಜ್ಯದ ಬೆಂಟೋನಿಯಾ ಕೆಲವು ನೂರು ಜನರ ಊರು. ಅಲ್ಲಿ ರೈಲು ಹಳಿಯ ಪಕ್ಕದ ಪುಟ್ಟ ಕಟ್ಟಡವೇ ಬ್ಲೂ ಫ್ರಂಟ್ ಕೆಫೆ. ಒಡೆಯ ಜಿಮ್ಮಿ ‘ಡಕ್’ ಹೋಮ್ಸ್ ಕುರ್ಚಿ ಎಳೆದುಕೊಂಡು ಗಿಟಾರ್ ಎತ್ತಿಕೊಂಡರೆ ಕಛೇರಿ ಶುರುವಾದಂತೆಯೇ. ಕೇಳುಗರು ಎದುರಿಗೇ ಇರುತ್ತಾರೆ; ತಂತಿಯ ಮೇಲೆ ಬೆರಳು ಜಾರಿದ ಸದ್ದೂ ಕೇಳುತ್ತದೆ. ಕಪ್ಪು ಅಮೆರಿಕನ್ನರ ಬ್ಲೂಸ್ ಸಂಗೀತ ಬೆಳೆದದ್ದು ಇಂಥ ಕೋಣೆಗಳಲ್ಲಿ.

ಹೋಮ್ಸ್ ಅವರ ತಂದೆ ಕ್ಯಾರಿ ಮತ್ತು ತಾಯಿ ಮೇರಿ 1948ರಲ್ಲಿ ಈ ಕೆಫೆ ತೆರೆದರು. ಎದುರಿಗೆ ಹತ್ತಿ ಜಿನ್ನಿಂಗ್ ಕಾರ್ಖಾನೆ. ಸುಗ್ಗಿಯಲ್ಲಿ ಹಗಲೂ ರಾತ್ರಿ ದುಡಿಯುತ್ತಿದ್ದ ಕಪ್ಪು ಕಾರ್ಮಿಕರಿಗೆ ಬಿಸಿ ಊಟ, ಮೀನು, ಕ್ಷೌರ, ಕಳ್ಳಭಟ್ಟಿ, ಹಾಡು ಎಲ್ಲ ಇಲ್ಲೇ. ವರ್ಣಭೇದದ ಕಾಲ, ಬಿಳಿಯ ಗಿರಾಕಿಗಳಿಗೆ ಇಲ್ಲಿ ಬಡಿಸುವಂತಿರಲಿಲ್ಲ. ಈ ಗಳಿಕೆಯ ನೆರವಿನಿಂದ ದಂಪತಿ ಹತ್ತು ಮಕ್ಕಳನ್ನು ಬೆಳೆಸಿದರು. 1970ರಲ್ಲಿ ಕೆಫೆ ಮಗನ ಕೈಗೆ ಬಂತು.

ಊರಿನ ನಿಜವಾದ ಆಸ್ತಿ ಅದರ ಶ್ರುತಿ. ಮಾಮೂಲಿ ಗಿಟಾರಿನ ಐದನೇ ಮತ್ತು ನಾಲ್ಕನೇ ತಂತಿಗಳನ್ನು ಒಂದೊಂದು ಸ್ವರ ಏರಿಸುತ್ತಾರೆ, ಅಷ್ಟೇ. ನಮ್ಮ ಲೆಕ್ಕದಲ್ಲಿ ದಪ್ಪ ತಂತಿಯಿಂದ ಸ, ಪ, ಸ, ಗ, ಪ, ಸ ಆಗುತ್ತದೆ. ಆ ಗಾಂಧಾರ ಸಾಧಾರಣ ಗಾಂಧಾರ. ಹಾಗಾಗಿ ಎಡಗೈ ಸೋಕದೆ ತಂತಿಗಳನ್ನು ಮೀಟಿದರೂ ವಿಷಾದವೇ ಹೊಮ್ಮುತ್ತದೆ. ಹೆಬ್ಬೆರಳು ಮಂದ್ರದಲ್ಲಿ ಬಿಡದೆ ನಡೆಯುತ್ತದೆ, ಉಳಿದ ಬೆರಳುಗಳು ಮೇಲೆ ಹಾಡಿಗೆ ಉತ್ತರ ಕೊಡುತ್ತವೆ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಬೆಂಟೋನಿಯಾದ ಗಿಟಾರ್ ವಾದಕ ಹೆನ್ರಿ ಸ್ಟಕಿ, ಬಹಾಮಾಸ್ ಕಡೆಯ ಸೈನಿಕರಿಂದ ಈ ಶ್ರುತಿ ಕಲಿತು ಬಂದರೆಂಬ ಮಾತಿದೆ. ಅವರಿಂದ ಅದು ಅದೇ ಊರಿನ ಗಾಯಕ ಸ್ಕಿಪ್ ಜೇಮ್ಸ್‌ಗೆ ಬಂತು. ಜೇಮ್ಸ್ 1931ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ಹಾಡಿದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಗಾನತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಅಭಿಮಾನಿಗಳು ಅವರನ್ನು ಹುಡುಕಿ ತೆಗೆದದ್ದು 1964ರಲ್ಲಿ. ಊರಲ್ಲೇ ಉಳಿದ ಜ್ಯಾಕ್ ಓವೆನ್ಸ್ ಎದುರು ಕೂತು, ಕೈ ನೋಡುತ್ತಲೇ ಹೋಮ್ಸ್ ಕಲಿತರು. ಸ್ವರಲಿಪಿಯ ಮಾತೇ ಇಲ್ಲ. ಈ ಗುರುಶಿಷ್ಯ ಪದ್ಧತಿ ನಮಗೆ ತೀರ ಪರಿಚಿತ.

ಹೋಮ್ಸ್ ಅವರ ‘ಸೈಪ್ರೆಸ್ ಗ್ರೋವ್’ 2019ರಲ್ಲಿ ಬಂತು, ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು. ಒಳ್ಳೆಯ ಆಲ್ಬಮ್. ಆದರೆ ಹೊಸಬರು ಮೊದಲು 1931ರ ಸ್ಕಿಪ್ ಜೇಮ್ಸ್ ಕೇಳಲಿ, ಆಮೇಲೆ ಓವೆನ್ಸ್, ಕೊನೆಗೆ ಹೋಮ್ಸ್. ಒಂದು ಊರಿನ ಕೈ ತಲೆಮಾರು ದಾಟಿದ್ದು ಆಗ ಸ್ಪಷ್ಟವಾಗಿ ಕೇಳಿಸುತ್ತದೆ.