ಕಲ್ಲೊಳಗಿನ ದಾಳಿಂಬೆ

ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಮುತ್ತ ಅಭ್ರಕ ತುಂಬಿದ ಪದರಶಿಲೆಗಳಿವೆ. ಒಂದು ತುಂಡನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿ ತಗಡಿನಂತೆ ಮಿನುಗುತ್ತದೆ. ಆ ಮಿನುಗಿನ ನಡುವೆ ಅಲ್ಲಲ್ಲಿ ಕಡಲೆಕಾಳಿನ ಗಾತ್ರದ ಉಬ್ಬುಗಳು. ಬಣ್ಣ ಹುಣಸೆಬೀಜದ್ದು. ಬೆರಳಾಡಿಸಿದರೆ ಅವು ಗುಂಡಗಿಲ್ಲ, ಮೈತುಂಬ ಚಪ್ಪಟೆ ಮುಖಗಳಿವೆ ಎಂದು ತಿಳಿಯುತ್ತದೆ. ಚೆನ್ನಾಗಿ ಬೆಳೆದ ಹರಳಿನಲ್ಲಿ ಹನ್ನೆರಡು ಮುಖ, ಒಂದೊಂದೂ ವಜ್ರಾಕೃತಿ. ಯಾರೂ ಸಾಣೆ ಹಿಡಿದದ್ದಲ್ಲ, ಅದು ಹುಟ್ಟಿದ್ದೇ ಹಾಗೆ. ಇದೇ ಗಾರ್ನೆಟ್.

ಲ್ಯಾಟಿನ್ನಿನಲ್ಲಿ ದಾಳಿಂಬೆಗಿರುವ ಗ್ರನಾಟಂ ಎಂಬ ಹೆಸರೇ ಸವೆದು ಗಾರ್ನೆಟ್ ಆಯಿತು. ಒಡೆದ ದಾಳಿಂಬೆಯ ಕಾಳುಗಳನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಆದರೆ ಇದು ಒಂದೇ ಖನಿಜದ ಹೆಸರಲ್ಲ, ಒಂದು ಮನೆತನದ ಹೆಸರು. ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಕಟ್ಟಿದ ಗೂಡು ಎಲ್ಲದರಲ್ಲೂ ಒಂದೇ. ಆ ಗೂಡಿನಲ್ಲಿ ಯಾವ ಲೋಹ ಬಂದು ಕೂತಿತು ಎಂಬುದರ ಮೇಲೆ ಹೆಸರು, ಬಣ್ಣ ಎರಡೂ ಬದಲಾಗುತ್ತವೆ. ಅಲ್ಯುಮಿನಿಯಂ ಜೊತೆ ಕಬ್ಬಿಣವಿದ್ದರೆ ಕಡುಗೆಂಪಿನ ಆಲ್ಮಂಡೈನ್, ಮೆಗ್ನೀಸಿಯಂ ಇದ್ದರೆ ಪೈರೋಪ್, ಮ್ಯಾಂಗನೀಸ್ ಇದ್ದರೆ ಕಿತ್ತಳೆ ಬಣ್ಣದ ಸ್ಪೆಸಾರ್ಟೈನ್. ಕ್ಯಾಲ್ಸಿಯಂ ಮತ್ತು ಕ್ರೋಮಿಯಂ ಸೇರಿದರೆ ಹಸಿರು ಯುವರೋವೈಟ್. ಗಾರ್ನೆಟ್ ಎಂದರೆ ಕೆಂಪು ಎಂಬ ಮಾತು ಅರ್ಧ ಮಾತ್ರ ನಿಜ.

ನಮ್ಮ ನವರತ್ನಗಳಲ್ಲೂ ಈ ಮನೆತನದ ಒಬ್ಬ ಸದಸ್ಯನಿದ್ದಾನೆ. ರಾಹುವಿನ ಕಲ್ಲೆಂದು ಉಂಗುರಕ್ಕೆ ಕಟ್ಟಿಸುವ ಗೋಮೇಧಿಕ ಕ್ಯಾಲ್ಸಿಯಂ ಜಾತಿಯ ಗಾರ್ನೆಟ್. ಶ್ರೀಲಂಕಾದ ಗೋಮೇಧಿಕಕ್ಕೆ ಹೆಸರಿದೆ. ಅದನ್ನು ಭೂತಗನ್ನಡಿಯಲ್ಲಿ ನೋಡಿ: ಒಳಗೆಲ್ಲ ಕಾಯಿಸಿದ ಬೆಲ್ಲದ ಪಾಕ ಕದಡಿದಂಥ ಅಲೆಅಲೆ ಎಳೆಗಳು ಕಾಣುತ್ತವೆ. ಗ್ರಹದೋಷ ಕಳೆಯುತ್ತದೆ ಎನ್ನಲು ನನ್ನಲ್ಲಿ ಆಧಾರವಿಲ್ಲ. ಆ ಜೇನುಬಣ್ಣವನ್ನು ನೋಡಲಿಕ್ಕಾಗಿಯೇ ಅದನ್ನು ಇಟ್ಟುಕೊಳ್ಳಬಹುದು ಎಂದು ಮಾತ್ರ ಹೇಳಬಲ್ಲೆ.

ಕನ್ಯಾಕುಮಾರಿಗೆ ಹೋದವರು ಅಲ್ಲಿನ ಬಣ್ಣಬಣ್ಣದ ಮರಳನ್ನು ಪೊಟ್ಟಣ ಕಟ್ಟಿ ತಂದಿರುತ್ತಾರೆ. ದೇವಿಯ ಮದುವೆ ನಿಂತುಹೋಗಿ, ಅಡುಗೆಗೆ ತಂದಿದ್ದ ಅಕ್ಕಿ, ಧಾನ್ಯಗಳೆಲ್ಲ ಮರಳಾದವು ಎಂಬುದು ಸ್ಥಳಪುರಾಣ. ಅದರಲ್ಲಿನ ಕೆಂಪು ಕಣಗಳು ಗಾರ್ನೆಟ್, ಕಪ್ಪಗಿರುವುದು ಇಲ್ಮನೈಟ್. ಗಟ್ಟಿತನದ ಮೋಸ್ ಮಾಪಕದಲ್ಲಿ ಗಾರ್ನೆಟ್‌ಗೆ 6.5ರಿಂದ 7.5. ಪದರಪದರವಾಗಿ ಸೀಳದೆ ಚೂಪು ಅಂಚುಗಳಾಗಿ ಒಡೆಯುವುದು ಅದರ ಸ್ವಭಾವ. ಹಾಗಾಗಿಯೇ ಮರ ಉಜ್ಜುವ ಉಪ್ಪುಕಾಗದಕ್ಕೂ, ನೀರಿನ ರಭಸದಲ್ಲಿ ಬೆರೆಸಿ ಉಕ್ಕು ಕತ್ತರಿಸುವ ಯಂತ್ರಕ್ಕೂ ಈ ಮರಳು ಬೇಕು.

ಗಾರ್ನೆಟ್ ಅನ್ನು ಬಂದೂಕಿನ ಗುಂಡಾಗಿ ಬಳಸಿದವರೂ ಇದ್ದರು. 1891ರಲ್ಲಿ ಹುಂಜಾ–ನಗರ್ ಸೀಮೆಯ ಜನ ಬ್ರಿಟಿಷರ ವಿರುದ್ಧ ಹೋರಾಡಿದಾಗ ಸೀಸದೊಳಗೆ ಗಾರ್ನೆಟ್ ಹರಳಿಟ್ಟು ಹಾರಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ಅಗೆದ ಏಳನೆಯ ಶತಮಾನದ ಸಮಾಧಿಯಲ್ಲಿ ಚಿನ್ನದ ಒಡವೆಗಳ ತುಂಬ ಗಾರ್ನೆಟ್ ಸಿಕ್ಕಿತು. ಬಿಲ್ಲೆಯಂತೆ ತೆಳ್ಳಗೆ ಕೊಯ್ದ ಒಂದೊಂದು ಹರಳಿನ ಅಡಿಯಲ್ಲೂ ಗೀರು ಮೂಡಿಸಿದ ಚಿನ್ನದ ತಗಡು. ಬೆಳಕು ಹರಳನ್ನು ದಾಟಿ, ತಗಡಿಗೆ ತಾಗಿ, ಕೆಂಪಾಗಿ ಹಿಂದಿರುಗಲಿ ಎಂಬ ಉಪಾಯ. ಆ ಅಕ್ಕಸಾಲಿಗನ ಕೈಗೆ ನಮಸ್ಕಾರ.

ನಿಮ್ಮ ಮನೆಯಲ್ಲೂ ಗಾರ್ನೆಟ್ ಇದೆ. ಬಿಳಿ ಎಲ್‌ಇಡಿ ಬಲ್ಬಿನೊಳಗಿನ ಚಿಪ್ ಹೊಮ್ಮಿಸುವುದು ನೀಲಿ ಬೆಳಕನ್ನು. ಅದರ ಮೇಲಿನ ಹಳದಿ ಲೇಪ ಸ್ವಲ್ಪ ನೀಲಿಯನ್ನು ಹೀರಿ ಹಳದಿಯಾಗಿ ಬಿಡುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆ ಲೇಪದಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಖಾನೆಯಲ್ಲಿ ಬೆಳೆಸಿದ ಯಿಟ್ರಿಯಂ–ಅಲ್ಯುಮಿನಿಯಂ ಗಾರ್ನೆಟ್. ಸಿಲಿಕಾನ್ ಇಲ್ಲದಿದ್ದರೂ ಗೂಡಿನ ವಿನ್ಯಾಸ ಅದೇ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕೆಲಕಾಲದ ಮೇಲೆ ಮತ್ತೆ ಮಬ್ಬು ಕವಿದರೆ ವೈದ್ಯರು ಬಳಸುವ ಯಾಗ್ ಲೇಸರ್ ಕೂಡ ಇದೇ ಹರಳಿನಿಂದ ಹೊರಡುವ ಬೆಳಕು.

ಇಷ್ಟೆಲ್ಲ ಉಪಕಾರವಿದ್ದರೂ ಗಾರ್ನೆಟ್‌ನ ನಿಜವಾದ ಬೆಲೆ ಅದರ ನೆನಪಿನ ಶಕ್ತಿಯಲ್ಲಿದೆ ಎಂಬುದು ನನ್ನ ಎಣಿಕೆ. ನೆಲದಾಳದ ಶಾಖ, ಒತ್ತಡಗಳಲ್ಲಿ ಹರಳು ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ, ಮರಕ್ಕೆ ಬಳೆ ಕೂಡಿದ ಹಾಗೆ. ಒಂದೊಂದು ಬಳೆಯಲ್ಲೂ ಆಯಾ ಕಾಲದ ಲೋಹಗಳ ಪ್ರಮಾಣ ಬೇರೆ. ನಡುವಿನಲ್ಲಿ ಮ್ಯಾಂಗನೀಸ್ ಹೆಚ್ಚು, ಅಂಚಿಗೆ ಬಂದಂತೆ ಕಡಿಮೆ ಆಗಿರುವುದು ಸಾಮಾನ್ಯ. ಬೆಳೆಯುವಾಗ ಸುತ್ತಲಿನ ಕಲ್ಲು ಜರುಗಿದ್ದರೆ, ಒಳಗೆ ಸಿಕ್ಕಿಬಿದ್ದ ಕಣಗಳು ಸುರುಳಿ ಸುತ್ತಿಕೊಂಡಿರುತ್ತವೆ. ಪಕ್ಕದ ಕಪ್ಪು ಅಭ್ರಕದೊಂದಿಗೆ ಗಾರ್ನೆಟ್ ಕಬ್ಬಿಣ, ಮೆಗ್ನೀಸಿಯಂಗಳನ್ನು ಹಂಚಿಕೊಂಡ ಪ್ರಮಾಣವನ್ನು ಅಳೆದರೆ ಆ ಕಲ್ಲು ಎಷ್ಟು ಡಿಗ್ರಿ ಶಾಖದಲ್ಲಿ ಬೆಂದಿತ್ತು ಎಂದು ಹೇಳಬಹುದು. ಫೆರಿ ಮತ್ತು ಸ್ಪಿಯರ್ ಎಂಬ ಸಂಶೋಧಕರು ಇದನ್ನು ಪ್ರಯೋಗದಿಂದ ಅಳೆದು 1978ರಲ್ಲಿ ಪ್ರಕಟಿಸಿದರು. ಭೂವಿಜ್ಞಾನಿಗಳಿಗೆ ಇದು ಕಲ್ಲೊಳಗಿನ ಥರ್ಮಾಮೀಟರು.

ಗಾರ್ನೆಟ್ ದಾರಿಯನ್ನೂ ತೋರಿಸುತ್ತದೆ. ವಜ್ರವನ್ನು ಭೂಗರ್ಭದಿಂದ ಮೇಲೆ ತರುವ ಕಿಂಬರ್ಲೈಟ್ ಶಿಲೆ ಬರುವಾಗ ಪೈರೋಪ್ ಹರಳುಗಳನ್ನೂ ಹೊತ್ತು ತರುತ್ತದೆ. ವಜ್ರ ಅಪರೂಪ, ಪೈರೋಪ್ ಹೇರಳ. ಹೊಳೆಯ ಮರಳಿನಲ್ಲಿ ವಜ್ರ ಹುಡುಕುವ ಬದಲು ಪೈರೋಪ್ ಹುಡುಕಿದರಾಗದೆ? ಸೋವಿಯತ್ ಒಕ್ಕೂಟದ ನಟಾಲಿಯಾ ಸರ್ಸಾದ್‌ಸ್ಕಿಖ್ ಈ ವಿಧಾನವನ್ನು ಮುಂದಿಟ್ಟರು. ಅವರ ಸಹೋದ್ಯೋಗಿ ಲಾರಿಸಾ ಪೊಪುಗಾಯೆವಾ 1954ರ ಬೇಸಿಗೆಯಲ್ಲಿ ಸೈಬೀರಿಯಾದ ಯಾಕೂತಿಯಾದಲ್ಲಿ ಅಕ್ಕಿ ಜಾಲಿಸುವಂತೆ ಮರಳು ಜಾಲಿಸುತ್ತ, ಕೆಂಪು ಕಣಗಳು ಹೆಚ್ಚಾದ ಕಡೆಗೆ ನಡೆಯುತ್ತ ಹೋದರು. ಆಗಸ್ಟ್ 21ರಂದು ಆ ದೇಶದ ಮೊದಲ ಕೊಳವೆಯಾಕಾರದ ಕಿಂಬರ್ಲೈಟ್ ನೆಲೆ ಸಿಕ್ಕಿತು. ಜರ್ನಿತ್ಸಾ ಎಂದು ಹೆಸರಿಟ್ಟರು. 1957ರಲ್ಲಿ ವಜ್ರಶೋಧಕ್ಕೆ ಲೆನಿನ್ ಪ್ರಶಸ್ತಿ ಕೊಟ್ಟಾಗ ಪಟ್ಟಿಯಲ್ಲಿ ಈ ಇಬ್ಬರು ಹೆಂಗಸರ ಹೆಸರಿರಲಿಲ್ಲ. ಅದು ದೊಡ್ಡ ಅನ್ಯಾಯ.

ಹರಳನ್ನು ಕಲ್ಲಿನಿಂದ ಕಿತ್ತುಕೊಂಡರೆ ಅದರ ನೆನಪಿನ ಬಹುಪಾಲು ಲೆಕ್ಕ ಹೋಗುತ್ತದೆ. ಪಕ್ಕದ ಅಭ್ರಕವಿಲ್ಲದೆ ಥರ್ಮಾಮೀಟರು ಕೆಲಸ ಮಾಡದು, ಸುತ್ತಲಿನ ಪದರಗಳಿಲ್ಲದೆ ಸುರುಳಿ ಯಾವ ಕಡೆಗೆ ತಿರುಗಿತ್ತೆಂದು ಹೇಳಲಾಗದು. ಹೊಳೆನರಸೀಪುರದ ಕಡೆ ಹೋದಾಗ ಅಂಥ ಕಲ್ಲು ಕಣ್ಣಿಗೆ ಬಿದ್ದರೆ ಹತ್ತಿರದಿಂದ ನೋಡಿ, ಮುಖಗಳನ್ನು ಎಣಿಸಿ, ಮಕ್ಕಳಿಗೆ ತೋರಿಸಿ, ಫೋಟೋ ತೆಗೆದುಕೊಳ್ಳಿ. ಹರಳನ್ನು ಮಾತ್ರ ಕಲ್ಲಿನಲ್ಲೇ ಬಿಟ್ಟು ಬನ್ನಿ.