ಗಾಳ ಹಾಕಲು ಹೋದವರು ಕೆರೆ ಕಾದೆವು

ನಮ್ಮ ಸಾಗರ-ಸೊರಬ ಕಡೆ ಬೇಸಿಗೆ ಬಂತೆಂದರೆ ಕೆರೆಬೇಟೆಯ ಮಾತು. ಕೆರೆಯ ನೀರು ಇಳಿದಾಗ ಊರವರು ಸೇರಿ ಒಂದು ದಿನ ಗೊತ್ತು ಮಾಡುತ್ತಾರೆ. ಕೂಣಿಗೆ ಇಷ್ಟು ಅಂತ ಹಣ ಕಟ್ಟಿದವರೆಲ್ಲ ಅಂದು ಕೆರೆಗೆ ಇಳಿಯಬಹುದು. ಬಂದ ಹಣ ಊರಿನ ಕೆಲಸಕ್ಕೆ. ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಹಣ ತೂಬಿನ ರಿಪೇರಿಗೆ ಅಂತ ನಿಶ್ಚಯವಾಗಿತ್ತು. ತೂಬು ಸೋರಿ ಸೋರಿ, ಕೆಳಗಿನ ಗದ್ದೆಯವರಿಗೆ ಬೇಕಾದಾಗ ನೀರಿಲ್ಲ, ಬೇಡವಾದಾಗ ಕೆಸರು ಎಂಬಂತಾಗಿತ್ತು.

ಬೇಟೆಗೆ ಇನ್ನು ಮೂರು ವಾರ ಇತ್ತು. ಕೆರೆಯಲ್ಲಿ ಮೀನು ಎಷ್ಟು ಬೆಳೆದಿದೆ ನೋಡಬೇಕಲ್ಲ? ಬಲೆ ಬೀಸಿದರೆ ಮೀನು ಗಾಬರಿ ಬೀಳುತ್ತದೆ, ಜನರೂ ಮಾತಾಡುತ್ತಾರೆ. “ಒಂದು ರಾತ್ರಿ ಗಾಳ ಹಾಕಿ ನೋಡನ ತಮಾ” ಅಂದರು ಮಾವ. ಅರವತ್ತು ದಾಟಿದ ಮಾವನಿಗೆ ಗಾಳ ಅಂದರೆ ಊಟಕ್ಕಿಂತ ಹೆಚ್ಚು. ಸಮಿತಿಯವರ ಒಪ್ಪಿಗೆ ಪಡೆದೆವು. ಊರ ಕೆರೆಯೇ ಆದರೂ ಕೇಳದೆ ಗಾಳ ಹಾಕಬಾರದು. ಬೇರೆ ಕಡೆಯಾದರೆ ಮೀನು ಪಾಶುವಾರು ಹಕ್ಕು ಯಾರ ಹೆಸರಿಗಿದೆ ಕೇಳಿಕೊಂಡೇ ಹೋಗಬೇಕು.

ರಾತ್ರಿಯೇ ಯಾಕೆ?

ಏಪ್ರಿಲ್ ಬಿಸಿಲಿಗೆ ಅಂಚಿನ ನೀರು ಕಾದು ಬಿಸಿಯಾಗಿರುತ್ತದೆ. ದೊಡ್ಡ ಮೀನು ಹಗಲು ಆಳದಲ್ಲಿ ಇದ್ದುಬಿಡುತ್ತದೆ. ಹೊತ್ತು ಮುಳುಗಿ ನೀರು ತಣಿದ ಮೇಲೆ ಮೇವಿಗೆ ದಡದ ಕಡೆ ಬರುತ್ತದೆ. ಗೆಂಡೆ, ಮೃಗಾಲ ತಳದಲ್ಲಿ ಕೆಸರು ಕೆದಕಿ ತಿನ್ನುವ ಜಾತಿ. ರೋಹು ನಡುನೀರಿನದು. ಕಾಟ್ಲಾ ಮೇಲ್ಭಾಗದ್ದು. ಯಾವ ಮೀನು ಬೇಕು ಎನ್ನುವುದರ ಮೇಲೆ ಬೆಂಡನ್ನು ಮೇಲೆ ಕೆಳಗೆ ಸರಿಸಿ ಗಾಳದ ಆಳ ಇಡಬೇಕು.

ನಮ್ಮ ಸಾಮಾನು ಹೆಚ್ಚೇನಿಲ್ಲ. ವಾಟೆ ಕೋಲು ನಾಲ್ಕು, ತಂಗೂಸಿ ದಾರ, ಸಣ್ಣ ಸೀಸದ ಗುಂಡು, ಗಾಳ. ಕತ್ತಲಲ್ಲಿ ಬೆಂಡು ಕಾಣುವುದಿಲ್ಲ, ಅದಕ್ಕೆ ಕೋಲಿನ ತುದಿಗೆ ಆಡಿನ ಕುತ್ತಿಗೆಯ ಗೆಜ್ಜೆ ಕಟ್ಟಿದೆವು. ತೌಡು ಎರಡು ಪಾಲು, ಹುರಿದ ಶೇಂಗಾ ಹಿಂಡಿ ಒಂದು ಪಾಲು, ಅಂಟಿಗೆ ಸ್ವಲ್ಪ ಮೈದಾ ಹಾಕಿ ಕಲಸಿದ ಹಿಟ್ಟು. ಎರಡು ಕೋಲಿಗೆ ಎರೆಹುಳ. ಗಾಳ ಬಿಡುವ ಜಾಗಕ್ಕೆ ಮೊದಲೇ ನಾಲ್ಕು ಉಂಡೆ ಹಿಟ್ಟು ಎಸೆದೆವು.

ಗೆಂಡೆ ಕಚ್ಚುವ ರೀತಿ ಗೊತ್ತಿರಬೇಕು. ಅದು ಹಿಟ್ಟನ್ನು ಬಾಯಿಗೆ ಎಳೆಯುತ್ತದೆ, ಉಗಿಯುತ್ತದೆ, ಮತ್ತೆ ಎಳೆಯುತ್ತದೆ. ಗೆಜ್ಜೆ ಸಣ್ಣಗೆ ಅಲುಗಿದ ಕೂಡಲೇ ಎಳೆದರೆ ಬರಿ ಗಾಳ ಬರುತ್ತದೆ. “ತಡಿ, ಅದೇ ತಗಂಡ್ ಹೋಗ್ಲಿ” ಅಂತ ಮಾವ ನನ್ನ ಕೈ ಹಿಡಿದರು. ದಾರ ಬಿಗಿದು ಕೋಲು ಬಾಗಿದ ಮೇಲೆ ಎತ್ತಿದರೆ ಎರಡು ಕಿಲೋ ಹತ್ತಿರದ ಗೆಂಡೆ. ಹನ್ನೆರಡರ ಒಳಗೆ ಗೆಂಡೆ ಮೂರು, ಮೃಗಾಲ ಎರಡು, ಜಿಲೇಬಿ ಲೆಕ್ಕವಿಲ್ಲ. ಊರಿಗೆ ಒಳ್ಳೆ ಸುದ್ದಿ ಹೇಳಬಹುದು ಅಂತ ಖುಷಿಯಾಯ್ತು.

ಗೆಜ್ಜೆ ನಿಂತಿತು

ಎರಡು ಗಂಟೆಯ ಮೇಲೆ ಒಂದೇ ಒಂದು ಗೆಜ್ಜೆ ಅಲುಗಲಿಲ್ಲ. ನನಗೆ ತೂಕಡಿಕೆ. ಮಾವ ಮಾತ್ರ ನೀರಿನ ಅಂಚಿಗೆ ಬ್ಯಾಟರಿ ಬಿಟ್ಟು ನೋಡುತ್ತಲೇ ಇದ್ದರು. “ತಮಾ, ಇಲ್ ಬಾ. ಸಿಗಡಿ ನೋಡು.” ಸಣ್ಣ ಸಿಗಡಿಗಳು ಸಾವಿರಗಟ್ಟಲೆ ದಡಕ್ಕೆ ಬಂದು ಒತ್ತಿಕೊಂಡಿದ್ದವು.

ನಾಲ್ಕರ ಹೊತ್ತಿಗೆ ಕೆರೆಯ ತುಂಬ ಚಪ್ ಚಪ್ ಸದ್ದು. ಬೆಳಕು ಬಿಟ್ಟರೆ ಎದೆ ಧಸಕ್ಕೆಂದಿತು. ನೂರಾರು ಕಾಟ್ಲಾ, ರೋಹು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬೆಳಕು ಬಿದ್ದರೂ ಓಡುವ ಶಕ್ತಿಯಿಲ್ಲ. ಬರಿಗೈಲಿ ಹಿಡಿಯಬಹುದಿತ್ತು. “ಮೀನು ಮೇಲೆ ಬಂತು ಅಂತ ಖುಷಿ ಪಡ್ಬೇಡ. ಉಸ್ರು ಕಟ್ಟಿದೆ ಅದಕ್ಕೆ” ಅಂದರು ಮಾವ.

ಆಗಿದ್ದೇನು?

ಮೀನು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಸಿರಾಡುತ್ತದೆ. ಗೆಂಡೆ ಜಾತಿಗೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಸುಖ, 3ಕ್ಕಿಂತ ಇಳಿದರೆ ಕಷ್ಟ. ಹಸಿರು ನೀರಿನ ಪಾಚಿ ಹಗಲು ಬಿಸಿಲಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಕೊಳೆ ಎಲ್ಲವೂ ಸೇರಿ ಆಮ್ಲಜನಕ ತಿನ್ನುತ್ತವೆ. ಆದ್ದರಿಂದ ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಕೆರೆಯಲ್ಲಿ ಉಸಿರು ಅತಿ ಕಡಿಮೆ. ಹಗಲು ಮಾತ್ರ ಕೆರೆ ನೋಡುವವನಿಗೆ ಇದು ಕಾಣುವುದೇ ಇಲ್ಲ.

ಎರಡು ದಿನದಿಂದ ಮೋಡ ಕವಿದಿತ್ತು, ಪಾಚಿಗೆ ಬಿಸಿಲು ಸಿಕ್ಕಿರಲಿಲ್ಲ. ಹಿಂದಿನ ಸಂಜೆ ಗುಡುಗಿನ ಮಳೆ ಬಿದ್ದು ಮೇಲಿನ ನೀರು ತಣಿದು ಕೆಳಗಿಳಿದು, ತಳದ ಉಸಿರಿಲ್ಲದ ನೀರು ಮೇಲೆ ಬಂದಿತ್ತು. ಇಷ್ಟೇ ಆಗಿದ್ದರೆ ತಡೆಯುತ್ತಿತ್ತೇನೋ. ಹದಿನೈದು ದಿನದ ಹಿಂದೆ “ಮೀನು ದಪ್ಪ ಆಗ್ತದೆ” ಅಂತ ಎರಡು ಗಾಡಿ ಹಸಿ ಸಗಣಿ ಕೆರೆಗೆ ಹಾಕಿಸಿದವನು ನಾನೇ! ಮೀನುಮರಿ ಬಿಡುವಾಗ, ತುಂಬಿದ ನೀರಿಗೆ ಸಗಣಿ ಒಳ್ಳೆಯದು ಎಂದು ಓದಿದ್ದೆ. ನೀರು ಕಾಲುಭಾಗಕ್ಕೆ ಇಳಿದಾಗ ಅದೇ ಸಗಣಿ ಕೊಳೆತು ಉಸಿರು ಕಸಿಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ರಾತ್ರಿ ನಾವು ಎಸೆದ ಹಿಟ್ಟಿನ ಉಂಡೆಯೂ ಅದೇ ಲೆಕ್ಕಕ್ಕೆ.

ಪಂಪು ಬಂತು

ಓಡಿ ಹೋಗಿ ಪಕ್ಕದ ತೋಟದವರನ್ನು ಎಬ್ಬಿಸಿದೆ. ಪಾಪ, ಬೈಯದೆ ಬಂದರು. 5 ಎಚ್‌ಪಿ ಡೀಸೆಲ್ ಪಂಪು ತಂದು ಕೆರೆಯ ನೀರನ್ನೇ ಎತ್ತಿ ಕೆರೆಗೇ ಬಿಟ್ಟೆವು. ಸುಮ್ಮನೆ ಪೈಪು ಮುಳುಗಿಸಿದರೆ ಪ್ರಯೋಜನವಿಲ್ಲ. ಪೈಪಿನ ಬಾಯಿ ಎತ್ತರಕ್ಕೆ ಕಟ್ಟಿ, ನೀರು ಅಡ್ಡ ಹಲಗೆಗೆ ಬಡಿದು ಸಿಡಿಯುವಂತೆ ಮಾಡಿದೆವು. ಸಿಡಿದ ಹನಿ ಗಾಳಿಯಿಂದ ಆಮ್ಲಜನಕ ತರುತ್ತದೆ. ಫುಟ್‌ವಾಲ್ವ್ ತಳದ ಕೆಸರಿಗೆ ತಾಗದಂತೆ ಮೇಲಕ್ಕೇ ತೇಲಿಸಿದೆವು. ಇನ್ನೊಂದು ಕಡೆ ನಾಲ್ಕು ಹುಡುಗರು ಬಿದಿರಿನಿಂದ ನೀರು ಬಡಿದರು. ಅರ್ಧ ಗಂಟೆಯಲ್ಲಿ ಮೀನುಗಳು ಪಂಪಿನ ಕಡೆಗೇ ಬಂದು ಗುಂಪು ಕಟ್ಟಿದವು. ಎಂಟು ಗಂಟೆಗೆ ಬಿಸಿಲು ಬಂದ ಮೇಲೆ ಒಂದೊಂದಾಗಿ ಕೆಳಗಿಳಿದವು.

ಸತ್ತದ್ದು ಅರುವತ್ತೆರಡು, ಹೆಚ್ಚಿನವು ಕಾಟ್ಲಾ. ಕೊರವ, ಮುರುಗೋಡು ಒಂದೂ ಸಾಯಲಿಲ್ಲ. ಅವು ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಜಾತಿ.

ಅಂದು ಪೂರ್ತಿ ಸತ್ತಿದ್ದರೆ ತೂಬಿನ ಕೆಲಸ ಮತ್ತೆ ಒಂದು ವರ್ಷ ಮುಂದಕ್ಕೆ. ಕಾಟ್ಲಾ, ರೋಹು, ಮೃಗಾಲ ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧರಿಯವರು ಚುಚ್ಚುಮದ್ದು ಕೊಟ್ಟು ಅವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮರಿ ಕೇಂದ್ರಗಳು ಬೆಳೆದದ್ದು. ಸತ್ತರೆ ಮತ್ತೆ ಮಳೆಗಾಲದಲ್ಲಿ ಮರಿ ತಂದೇ ಬಿಡಬೇಕು.

ಕೆರೆ, ಕೃಷಿ ಹೊಂಡ ಇರುವವರಿಗೆ ನಾಲ್ಕು ಮಾತು

* ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಬೆಳಗಿನ ಜಾವ ಐದಕ್ಕೆ ನೀರಿನ ಹತ್ತಿರ ಹೋಗಿ. ಮೋಡದ ದಿನ, ಗುಡುಗು ಮಳೆಯ ಮಾರನೆ ದಿನ ತಪ್ಪಿಸಬೇಡಿ.

* ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಮುಳುಗಿಸಿ. ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಾದರೆ ಪಾಚಿ ಅತಿಯಾಗಿದೆ. ಸಗಣಿ, ಹಿಂಡಿ ನಿಲ್ಲಿಸಿ.

* ಮೀನು ಮೇವು ಬಿಟ್ಟರೆ, ಸಿಗಡಿ ದಡಕ್ಕೆ ಬಂದರೆ ಅದೇ ಎಚ್ಚರಿಕೆ. ಬಾಯಿ ಬಿಡುವವರೆಗೆ ಕಾಯಬೇಡಿ.

* ಬೋರಿನ ನೀರು ಬಿಡುವುದಾದರೂ ಸಿಡಿಸಿಯೇ ಬಿಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ.

* ಗಾಳಕ್ಕೆ ಹೋಗುವವರು ಉಂಡೆ ಹಿಟ್ಟು ಲೆಕ್ಕದಲ್ಲಿ ಎಸೆಯಿರಿ. ತುಂಡಾದ ತಂಗೂಸಿ ದಡದಲ್ಲಿ ಬಿಡಬೇಡಿ, ದನದ ಕಾಲಿಗೆ, ಹಕ್ಕಿಯ ಕೊರಳಿಗೆ ಸುತ್ತುತ್ತದೆ. ಕತ್ತಲಲ್ಲಿ ಹಾವಿನ ಭಯ, ಬೆಳಕಿಲ್ಲದೆ ಹೆಜ್ಜೆ ಇಡಬೇಡಿ.

ಕೆರೆಬೇಟೆ ಗೊತ್ತಾದ ದಿನವೇ ನಡೆಯಿತು. ತೂಬು ರಿಪೇರಿಯಾಗಿದೆ. ಸಗಣಿ ಹಾಕಿಸಿದ್ದು ನಾನೇ ಎಂದು ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಮಾವ ಮಾತ್ರ, “ಇನ್ ಮ್ಯಾಲೆ ಬೇಸ್ಗೇಲಿ ಕೆರೆ ಕಾಯೋ ಪಾಳಿ ನಿಂದೇ ತಮಾ. ಗಾಳ ತರಕ್ಕೆ ಅಡ್ಡಿಲ್ಲೆ” ಅಂದರು. ಪಾಳಿ ಒಪ್ಪಿಕೊಂಡಿದ್ದೇನೆ.