ಎಮ್ಮಿ ಹಾಲು ಇಳಿದರೆ ಬರೀ ಬಿಸಿಲಿನ ಕಾಟವಲ್ಲ

ಜತ್ತ: ಬ್ಯಾಸಿಗ್ಯಾಗ ಎಮ್ಮಿ ಹಾಲು ಕಡಿಮಿ ಆಗೋದ ಅನ್ನೋದು ಈ ಭಾಗದ ಹೈನುಗಾರರ ಸಾಮಾನ್ಯ ಮಾತು. ಆದರೆ ಮರಾಠಿಯಲ್ಲಿ ‘ಕಾಸದಾಹ’ ಎನ್ನುವ ಕೆಚ್ಚಲು ಬಾವು ಹೊರಗೆ ಕಾಣದೆಯೂ ಒಳಗೇ ಇರಬಹುದು.

ರೋಗಾಣು ಮೊಲೆತೊಟ್ಟಿನಿಂದ ಒಳಹೊಕ್ಕ ಕೂಡಲೇ ರಕ್ತದ ಬಿಳಿ ಕಣಗಳು ಕೆಚ್ಚಲಿಗೆ ನುಗ್ಗುತ್ತವೆ. ಅದನ್ನು ನುಂಗಿ, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉಗ್ರ ವಸ್ತುಗಳಿಂದ ಸುಡುತ್ತವೆ. ಈ ಬೆಂಕಿ ಹದ್ದು ಮೀರಿದರೆ ಹಾಲು ತಯಾರಿಸುವ ಜೀವಕೋಶಗಳೂ ಬೇಯುತ್ತವೆ. ವಿಜ್ಞಾನಿಗಳು ಇದನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಕಡೆಗೆ ಒಂದು ಮೊಲೆ ಕಾಯಂ ಬತ್ತಿದರೂ ಬತ್ತಿತು. ಸಂತ್ಯಾಗ ಅಂಥ ಎಮ್ಮಿಗೆ ಗಿರಾಕಿ ಎಲ್ಲಿ?

ಬೆಂಕಿಯನ್ನು ಹದ್ದಿನಲ್ಲಿಡುವವು ವಿಟಮಿನ್ ಇ ಮತ್ತು ಸೆಲೆನಿಯಂ. ಅಮೆರಿಕದ ಒಹಾಯೋದಲ್ಲಿ ನಡೆದು 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಟಮಿನ್ ಇ ಕೊಟ್ಟ ಆಕಳುಗಳಲ್ಲಿ ಕೆಚ್ಚಲು ಬಾವು ಶೇ. 37ರಷ್ಟು ಕಡಿಮೆಯಾಗಿತ್ತು. ಹಸಿ ಮೇವಿನಲ್ಲಿ ಈ ವಿಟಮಿನ್ ಧಾರಾಳ, ಒಣಗಿದ ಕಣಕಿಯಲ್ಲಿ ಬಹಳ ಕಡಿಮೆ. ಬರ ಬಿದ್ದ ವರ್ಷ ಜತ್ತ ತಾಲೂಕಿನ ದನಗಳಿಗೆ ಕಣಕಿಯೇ ಗತಿ. ಹಂಗಂತ ಅಂಗಡಿ ಪುಡಿ ತಂದು ಸುರಿಯುವಂತಿಲ್ಲ. ಸೆಲೆನಿಯಂ ಹೆಚ್ಚಾದರೆ ವಿಷ, ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು.

ಪರೀಕ್ಷೆ ಮಾತ್ರ ಮನ್ಯಾಗ ಆಗ್ತದ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಬೇಕು. ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಹಿಂಡಿ, ಅಷ್ಟಷ್ಟೇ ಆ ನೀರು ಬೆರೆಸಿ ಅಲುಗಾಡಿಸಬೇಕು. ಬಿಳಿ ಕಣ ಹೆಚ್ಚಿದ್ದರೆ ಹಾಲು ಲೋಳಿಯಾಗುತ್ತದೆ. ಆ ಮೊಲೆಯ ಹಾಲನ್ನು ಕೊನೆಗೆ, ಬೇರೆ ಪಾತ್ರೆಗೆ ಹಿಂಡಿ ಅಂದೇ ಡಾಕ್ಟರರಿಗೆ ತೋರಿಸಬೇಕು.